ಹೆಸರು ಕರೆಯುವ ಆಟ

ಕೊಂಬೈ
14 ಜೂನ್ 2024

ಅರಸಿ ಅಕ್ಕಾ,

ನಾನು ಖುಷಿಯಾಗಿದ್ದೇನೆ, ಖುಷಿಯಾಗಿದ್ದೇನೆ, ಖುಷಿಯಾಗಿದ್ದೇನೆ! ಅಂಗೈಯ ಮದರಂಗಿ ಮಾಸುತ್ತಾ ಬಂದಿದೆ. ಎಷ್ಟು ಉಳಿದಿದೆ ನೋಡೋಣ ಎಂಬ ನೆಪದಲ್ಲಿ ಇವರು ದಿನಾ ಬೆಳಿಗ್ಗೆ ಕೈ ಹಿಡಿದುಕೊಳ್ಳುತ್ತಾರೆ. ಪೂರ್ತಿ ಮಾಸಿದ ಮೇಲೆ ಯಾವ ನೆಪ ಹುಡುಕುತ್ತಾರೋ! ಇವರ ಹೆಸರನ್ನು ಒಂದೇ ಒಂದು ಸಲ ಬರೆದುಬಿಡುತ್ತೇನೆ: ಸತೀಶ್‌ಕುಮಾರ್. ಆಯಿತು. ಇನ್ನು ಮುಂದೆ ಬರೀ ‘ಇವರು’.

ನೀನು ಫೋನ್ ಮಾಡಿದಾಗ ನಾನು ಎತ್ತುವುದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಈ ಮನೆಯಲ್ಲಿ ಸಾವಾಗಿ ವರ್ಷ ತುಂಬಿಲ್ಲ. ನಿನಗೆ ಗೊತ್ತಲ್ಲ, ಇವರ ತಮ್ಮ ವೇಲು ಫೆಬ್ರವರಿಯಲ್ಲಿ ಬೋಡಿಮೆಟ್ಟಿನ ಘಾಟಿಯ ತಿರುವಿನಲ್ಲಿ, ಮಂಜಿನಲ್ಲಿ, ಬೈಕಿನ ಸಮೇತ ಕೆಳಗೆ ಹೋದ. ವರ್ಷದೊಳಗೆ ಒಂದು ಶುಭಕಾರ್ಯ ಆಗದಿದ್ದರೆ ಮೂರು ವರ್ಷ ಕಾಯಬೇಕು ಎಂದು ಹಿರಿಯರು ಹೇಳಿದ್ದರಿಂದಲೇ ನಮ್ಮ ಮದುವೆ ಅಷ್ಟು ಅವಸರದಲ್ಲಿ ನಡೆಯಿತು. ಇಂಥ ಮನೆಯ ಅಂಗಳದಲ್ಲಿ ನಿಂತು ಫೋನಿನಲ್ಲಿ ಕಿಲಕಿಲ ನಗುವುದಕ್ಕೆ ನನಗೇ ನಾಚಿಕೆ. ಕಾಗದವಾದರೆ ಎಷ್ಟು ಬೇಕಾದರೂ ನಗಬಹುದು. ಹೊಸೂರಿನ ಹಾಸ್ಟೆಲಿನಲ್ಲಿ ಇಬ್ಬರೂ ಸೆಕೆಂಡ್ ಲ್ಯಾಂಗ್ವೇಜ್ ಎಂದು ಅಳುತ್ತಾ ಕಲಿತ ಕನ್ನಡ ಅಕ್ಷರ ಈಗ ಕೆಲಸಕ್ಕೆ ಬಂತು ನೋಡು. ಸುತ್ತೆಲ್ಲ ತಮಿಳಾದರೂ ಇಲ್ಲಿ ಎಲ್ಲರ ಬಾಯಲ್ಲೂ ನಮ್ಮ ಕನ್ನಡವೇ, ಆದರೆ ಓದಲು ಒಬ್ಬರಿಗೂ ಬರದು. ಜಗಲಿಯ ನಡುವೆ ಕೂತು ಬರೆದರೂ ನನ್ನ ಗುಟ್ಟು ನನ್ನದೇ!

ಇನ್ನೊಂದು ವಿಷಯ. ಈ ಮನೆಯಲ್ಲಿ ವೇಲುವಿನ ಹೆಸರನ್ನು ಯಾರೂ ಎತ್ತುವುದಿಲ್ಲ. ವರ್ಷದ ಪೂಜೆ ಮುಗಿಯುವ ತನಕ ಹೋದವರನ್ನು ಹೆಸರು ಹಿಡಿದು ಕರೆಯಬಾರದಂತೆ. ಕರೆದರೆ ಅವರು ತಿರುಗಿ ನೋಡುತ್ತಾರಂತೆ, ಹೋಗುವ ದಾರಿ ಮರೆಯುತ್ತಾರಂತೆ. ಹೇಳಲೇಬೇಕಾದರೆ ‘ಚಿಕ್ಕವನು’ ಎನ್ನುತ್ತಾರೆ. ನಾನು ಬಂದ ಹೊಸದರಲ್ಲಿ ಗೋಡೆಯ ಫೋಟೋ ನೋಡಿ ‘ಇವರೇನಾ ವೇಲು?’ ಎಂದುಬಿಟ್ಟೆ. ಅತ್ತೆಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಬೈಯಲಿಲ್ಲ. ಇನ್ನೊಂದು ಸಲ ಹೇಳಲಿ ಎಂದು ಕಾಯುವವರ ಹಾಗೆ ನನ್ನ ಬಾಯನ್ನೇ ನೋಡಿದರು.

ಈಗ ತಮಾಷೆ ಕೇಳು. ನನ್ನ ಅತ್ತೆ ಅಳಗಮ್ಮಾಳ್ ದಿನಾ ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಹಿಂದೆ ಮಾಯವಾಗುತ್ತಾರೆ. ಸೀರಿಯಲ್ ನೋಡುತ್ತಾರೆ ಅಂದುಕೊಂಡಿದ್ದೆ. ನಿನ್ನೆ ಹಾಲಿನ ಚೊಂಬು ಹುಡುಕುತ್ತಾ ಹೋದರೆ ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಫೋನ್, ಫೋನಿನ ತುಂಬ ಬಂದೂಕು! ನಾಲ್ಕು ಜನ ಗುಂಪು ಕಟ್ಟಿಕೊಂಡು ವಿಮಾನದಿಂದ ದ್ವೀಪಕ್ಕೆ ಹಾರಿ ಉಳಿದವರನ್ನು ಹೊಡೆಯುತ್ತಾರಲ್ಲ, ಆ ಗೇಮ್.

‘ಅತ್ತೆ! ಏನಿದು?’ ಅಂದೆ.

‘ಯಾವಾನೋ ಸುಡ್ತಾವ್ನೆ ಮಗಾ. ನೀ ಹೋಗು, ಹಾಲು ಉಕ್ತದೆ.’

ಹಾಲು ಒಲೆಯ ಮೇಲೆ ಇರಲೇ ಇಲ್ಲ!

ನೀನು ಕಾಲೇಜಿನಲ್ಲಿ ಎದೆಬಡಿತ ಅಳೆದು ಗೇಮ್ ಹುಚ್ಚು ಕಂಡುಹಿಡಿಯುತ್ತೀಯಲ್ಲ, ಅದು ಅತ್ತೆಯಂದಿರಿಗೂ ಹಿಡಿಯುತ್ತದೆಯೇ? ನಗುತ್ತಾ ಕೇಳುತ್ತಿದ್ದೇನೆ, ಆದರೆ ಪೂರ್ತಿ ನಗುತ್ತಿಲ್ಲ. ಅವರು ಎರಡು ತುತ್ತಿಗಿಂತ ಹೆಚ್ಚು ಉಣ್ಣುವುದಿಲ್ಲ. ದೀಪ ಹಚ್ಚುವುದು ಈಗ ನನ್ನ ಕೆಲಸವಾಗಿದೆ.

ಮುತ್ತುಗಳು, ಸಾವಿರ,
ನಿನ್ನ ಪಾಂಡಿ


ದಿಂಡಿಗಲ್
25 ಜೂನ್ 2024

ಪಾಂಡಿ,

ಒಂದು ಕಾಗದದಲ್ಲಿ ಇಷ್ಟೊಂದು ಆಶ್ಚರ್ಯಚಿಹ್ನೆ ಹಾಕಿದರೆ ಅಂಚೆಯವರು ಹೆಚ್ಚಿಗೆ ಸ್ಟಾಂಪ್ ಕೇಳುತ್ತಾರೆ. ನಮ್ಮ ಮನೆಯ ಅಳಿಯ, ಮಾಪಿಳ್ಳೆ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿದು ಸಮಾಧಾನವಾಯಿತು. ನಿನ್ನ ಮದುವೆಯಲ್ಲಿ ಅವರು ಯಾರ ಜೊತೆಗೂ ಮಾತಾಡದೆ ಒಂದೇ ಕಡೆ ನೋಡುತ್ತಾ ನಿಂತಿದ್ದರಲ್ಲ, ನನಗೆ ಸ್ವಲ್ಪ ಯೋಚನೆಯಾಗಿತ್ತು.

ನಿನ್ನ ಪ್ರಶ್ನೆಗೆ ಉತ್ತರ. ಎದೆಯ ಕೆಳಗೆ ಒಂದು ಪಟ್ಟಿ ಕಟ್ಟುತ್ತೇವೆ. ಅದು ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರವನ್ನು ಬರೆದಿಟ್ಟುಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಆ ಅಂತರ ಸಣ್ಣದಾಗಿ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಆಟಕ್ಕೆ ಕಟ್ಟುಬಿದ್ದವರಲ್ಲಿ ಕೆಲವರಿಗೆ ಆಡುವಾಗ ಅದು ಬಿಗಿಯಾಗುತ್ತದೆ, ಆಟ ಮುಗಿದ ಮೇಲೂ ಬೇಗ ಸಡಿಲವಾಗುವುದಿಲ್ಲ. ಈ ಗುರುತು ಹಿಡಿಯಲು ಒಂದು ಪ್ರೋಗ್ರಾಂ ಮಾಡಿದ್ದೇನೆ. ಅದು ರೋಗ ಹೇಳುವುದಿಲ್ಲ, ಅನುಮಾನ ಹೇಳುತ್ತದೆ. ಆಮೇಲೆ ಮನುಷ್ಯರನ್ನು ಕೂರಿಸಿಕೊಂಡು ಮಾತಾಡಬೇಕು.

ಈ ತನಕ ನನಗೆ ಸಿಕ್ಕಿರುವವರೆಲ್ಲ ಕಾಲೇಜು ಹುಡುಗರು. ಸಂಜೆ ತಮ್ಮ ರೂಮಿನಲ್ಲಿ ಪಟ್ಟಿ ಕಟ್ಟಿಕೊಂಡು ಎಂದಿನಂತೆ ಆಡುತ್ತಾರೆ, ಬೆಳಿಗ್ಗೆ ತಂದುಕೊಡುತ್ತಾರೆ. ಅವರಲ್ಲಿ ಒಬ್ಬನದು ವಿಚಿತ್ರ. ಗುಂಡು ಹಾರುವಾಗ ಎದೆ ತಣ್ಣಗಿರುತ್ತದೆ, ಏನೂ ನಡೆಯದ ಹೊತ್ತಿನಲ್ಲಿ ಧಡ್ಡನೆ ಎಗರುತ್ತದೆ. ಏಕೆ ಎಂದು ಕೇಳಿದೆ. ಅವನು ಹೇಳಿದ್ದನ್ನು ನಿನಗೆ ಬರೆಯುವುದಿಲ್ಲ, ಹೊಸ ಮದುಮಗಳು ಸುಮ್ಮನೆ ಹೆದರುತ್ತೀಯ. ನಿದ್ದೆಗೆಟ್ಟ ಹುಡುಗನ ಭ್ರಮೆ.

ಐವತ್ತು ದಾಟಿದ ಹೆಂಗಸಿನ ಬಡಿತ ನನ್ನ ಬಳಿ ಒಂದೂ ಇಲ್ಲ. ಇದನ್ನು ಅಧ್ಯಯನಕ್ಕೆ ಸೇರಿಸುವ ಹಾಗಿಲ್ಲ, ಆದರೂ ನೋಡುವ ಆಸೆಯಾಗಿದೆ. ಒಂದು ಹೆಚ್ಚಿನ ಪಟ್ಟಿ ಕಳಿಸುತ್ತಿದ್ದೇನೆ. ಅತ್ತೆಯವರನ್ನು ಕೇಳಿ ಕಟ್ಟು. ಕೇಳದೆ ಕಟ್ಟಬೇಡ.

ಅರಸಿ


ಕೊಂಬೈ
13 ಜುಲೈ 2024

ನನ್ನ ವಿಜ್ಞಾನಿ ಅಕ್ಕಾ,

ಕಟ್ಟಿದೆ! ಕೇಳಿಯೇ ಕಟ್ಟಿದೆ, ಆದರೆ ಕೇಳಿದ್ದರಲ್ಲಿ ಒಂದು ಸಣ್ಣ ಸುಳ್ಳಿತ್ತು. ತಲೆಸುತ್ತು ಏಕೆ ಬರುತ್ತದೆ ಎಂದು ನಮ್ಮ ಅಕ್ಕ ನೋಡಿ ಹೇಳುತ್ತಾಳೆ ಅಂದೆ. ಅತ್ತೆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಇದೇನ್ ಮಗಾ, ಎಮ್ಮೆ ಕಟ್ಟೋ ಹಗ್ಗ ಇದ್ದಂಗದೆ.’

‘ಡಾಕ್ಟರ್ ಹಗ್ಗ ಅತ್ತೆ.’

‘ಹಂಗಾರೆ ಬಿಗೀಯಾಗೇ ಕಟ್ಟು. ಓಡೋಗ್ಬಿಟ್ಟೇನು.’

ಎಷ್ಟು ದಿನಗಳ ಮೇಲೆ ಅವರ ಬಾಯಲ್ಲಿ ತಮಾಷೆ ಕೇಳಿದೆ ಗೊತ್ತೇ? ವಾರವಿಡೀ ಸಂಜೆ ಕಟ್ಟಿದ್ದೇನೆ. ದೂರ ಕೂತು ಗಮನಿಸಿದೆ. ಅಕ್ಕಾ, ಅವರು ಆಡುವುದೇ ಇಲ್ಲ! ಗುಂಡು ಹೊಡೆಯುವುದಿಲ್ಲ, ಅಡಗುವುದಿಲ್ಲ. ದ್ವೀಪದಲ್ಲಿ ಒಂದು ನೀರಿನ ದಡ ಇದೆ, ಅಲ್ಲಿ ಹೋಗಿ ನಿಂತುಬಿಡುತ್ತಾರೆ. ಇಯರ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಳ್ಳುತ್ತಾರೆ. ಆಗಾಗ ಬೆರಳು ಸ್ವಲ್ಪ ಆಡಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ, ಮತ್ತೆ ನಿಲ್ಲಿಸುತ್ತಾರೆ. ಮುಗಿದ ಮೇಲೆ ಮುಖ ಎಷ್ಟು ಸೋತಿರುತ್ತದೆಂದರೆ ಕೈ ಹಿಡಿದು ಒಳಗೆ ಕರೆತರಬೇಕು.

ಆ ಫೋನ್ ವಿಷಯವಾಗಿ ಇವರಿಗೂ ನನಗೂ ಒಂದು ಮಾತು ನಡೆಯಿತು. ಅದು ಬಿಡು, ಮನೆಯ ವಿಷಯ, ಬರೆಯುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಒಪ್ಪಿದ್ದೇನೆ. ಗಂಡ ಹೆಂಡತಿ ನಡುವೆ ಒಂದು ಗುಟ್ಟು ಇದ್ದರೆ ಎಷ್ಟು ಚೆಂದ ಅಲ್ಲವೇ! ಅದಾದ ಭಾನುವಾರ ನನ್ನನ್ನು ಬೋಡಿಮೆಟ್ಟಿನ ನಮ್ಮ ಏಲಕ್ಕಿ ಸ್ಟೋರಿಗೆ ಕರೆದುಕೊಂಡು ಹೋದರು. ಹಸಿ ಏಲಕ್ಕಿಯನ್ನು ಒಣಗಿಸುವ ಕೋಣೆಯ ಬೆಚ್ಚಗಿನ ವಾಸನೆ, ಹೊರಗೆ ಕಿಟಕಿಗೆ ಮುಖ ಒತ್ತಿ ನಿಂತ ಮಂಜು. ಒಂದು ತಿರುವಿನಲ್ಲಿ ಮಾತ್ರ ಇವರು ಜೀಪಿನ ಹಾರನ್ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ.

ಇನ್ನೊಂದು. ಮಾರ್ಕಯನ್‌ಕೋಟ್ಟೈಯಿಂದ ಇವರ ಸೋದರತ್ತೆ ಮೂಕಮ್ಮಾಳ್ ಬಂದಿದ್ದರು. ಅತ್ತೆ ಸೊರಗಿರುವುದನ್ನು ನೋಡಿ, ಇದು ಗಾಳಿಯ ಕೆಲಸ, ಆಡಿ ತಿಂಗಳಲ್ಲಿ ಗಾಳಿ ಓಡಿಸುವ ಮಂತ್ರವಾದಿ ಕೋಡಾಂಗಿಯ ಹತ್ತಿರ ಕರೆದುಕೊಂಡು ಹೋಗಿ ಉಡುಕ್ಕೆ ಡಮರು ಬಾರಿಸಿ ಬಿಡಿಸಬೇಕು ಎಂದು ಹಟ ಹಿಡಿದಿದ್ದಾರೆ. ಕಳೆದ ವರ್ಷ ಅಲ್ಲಿ ಒಬ್ಬಳನ್ನು ಕೂದಲು ಹಿಡಿದು ಆಡಿಸಿದ್ದನ್ನು ಅವರೇ ಹೆಮ್ಮೆಯಿಂದ ಹೇಳಿದರು. ನಮ್ಮ ಅತ್ತೆಗೆ ಹಾಗಾಗಬಾರದು ಅಕ್ಕಾ. ಇದು ಗಾಳಿಯಲ್ಲ, ಇದಕ್ಕೊಂದು ಹೆಸರಿದೆ, ಮದ್ದಿದೆ ಎಂದು ನೀನು ಬರೆದು ಕಳಿಸು. ನಾನು ಎಲ್ಲರ ಮುಂದೆ ಓದಿ ಹೇಳುತ್ತೇನೆ. ಪಟ್ಟಿಯ ಜೊತೆ ಏಲಕ್ಕಿ ಇದೆ, ಟೀಗೆ ಹಾಕು.

ಪಾಂಡಿ


ದಿಂಡಿಗಲ್
24 ಜುಲೈ 2024

ಪಾಂಡಿ,

ಏಲಕ್ಕಿ ಬಂತು. ಪಟ್ಟಿಯಲ್ಲಿದ್ದದ್ದನ್ನು ಓಡಿಸಿ ನೋಡಿದೆ. ಎರಡು ಸಲ ನೋಡಿದೆ.

ನನ್ನ ಪ್ರೋಗ್ರಾಂ ನಿನ್ನ ಅತ್ತೆಯವರನ್ನು ತೀರ ಕೊನೆಯ ಗುಂಪಿನಲ್ಲಿ ಇಟ್ಟಿದೆ. ಆಡುವ ಹೊತ್ತಿನುದ್ದಕ್ಕೂ ಅಂತರಗಳು ಬಿಗಿದುಕೊಂಡಿವೆ, ನಡುನಡುವೆ ಕಡಿದಾದ ಎಗರಾಟ. ಆಟ ನಿಂತ ಮೇಲೂ ಎದೆ ಇಳಿದು ಬರುವುದೇ ಇಲ್ಲ. ಹುಡುಗರಲ್ಲಿ ಇಷ್ಟು ಕೆಟ್ಟದ್ದನ್ನು ನಾನು ಒಬ್ಬನಲ್ಲಿ ಮಾತ್ರ ಕಂಡಿದ್ದೇನೆ. ಅವರ ವಯಸ್ಸಿಗೆ ಇದು ಒಳ್ಳೆಯದಲ್ಲ.

ಆಟ ನಿಲ್ಲಬೇಕು. ಮಾಪಿಳ್ಳೆಯವರಿಗೆ ಹೇಳಿ ಫೋನನ್ನು ಮನೆಯಿಂದ ದೂರ ಇಡಿಸು. ಮೊದಲ ಕೆಲವು ದಿನ ಕೋಪ ಮಾಡಿಕೊಳ್ಳಬಹುದು, ಅಳಬಹುದು, ಸೋಲಬೇಡ. ಆಮೇಲೆ ಇಲ್ಲಿಗೆ ಕರೆತಾ, ನನಗೆ ಗೊತ್ತಿರುವ ಮನೋವೈದ್ಯೆ ಇದ್ದಾರೆ. ಮೂಕಮ್ಮಾಳ್ ಅವರಿಗೆ ಹೇಳು: ಇದು ಚಟ, ಗಾಳಿಯಲ್ಲ. ಅಳೆದು ನೋಡಿಯೇ ಹೇಳುತ್ತಿದ್ದೇನೆ.

ಅವರ ಬಳಿ ಕೂತು ಮಾತಾಡದೆ ಇಷ್ಟು ಬರೆಯಬಾರದಿತ್ತು. ಆದರೆ ಕೋಡಾಂಗಿಯ ಮಾತು ಕೇಳಿ ತಡಮಾಡಲು ಮನಸ್ಸಾಗಲಿಲ್ಲ.

ಅರಸಿ


ಕೊಂಬೈ
6 ಆಗಸ್ಟ್ 2024

ಅಕ್ಕಾ,

ನೀನು ಹೇಳಿದಂತೆಯೇ ಮಾಡಿದೆವು. ಇವರು ಫೋನನ್ನು ಬೋಡಿಮೆಟ್ಟಿಗೆ ಒಯ್ದು ಸ್ಟೋರಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರು. ಅತ್ತೆ ಕೋಪ ಮಾಡಿಕೊಳ್ಳಲಿಲ್ಲ, ಅಳಲಿಲ್ಲ. ನೀನು ಹೇಳಿದ್ದು ಒಂದೂ ಆಗಲಿಲ್ಲ.

ಸಂಜೆ ಎಂದಿನಂತೆ ಕೊಟ್ಟಿಗೆಯ ಹಿಂದೆ ಹೋಗುತ್ತಾರೆ. ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಸ್ವಲ್ಪ ವಾರೆ ಮಾಡಿ ಕೂರುತ್ತಾರೆ. ಗೋಡೆಯ ಆಚೆ ಯಾರೋ ಮಾತಾಡುತ್ತಿದ್ದಾರೆ, ಸರಿಯಾಗಿ ಕೇಳುತ್ತಿಲ್ಲ ಎಂಬಂತೆ. ‘ಅತ್ತೆ, ಒಳಗೆ ಬನ್ನಿ’ ಅಂದರೆ ತಿರುಗುವುದಿಲ್ಲ. ಮೊನ್ನೆ ಪಕ್ಕದಲ್ಲಿ ಕೂತು ಭುಜ ಮುಟ್ಟಿದೆ. ಆಗ ಹೇಳಿದರು, ‘ನನ್ ಕಿವೀನ್ ಕಿತ್ಕಂಡ್ಬಿಟ್ಟೆ ಮಗಾ.’ ಬೈಗುಳದಂತೆ ಹೇಳಲಿಲ್ಲ. ಕೈಯಿಂದ ಏನೋ ಬಿತ್ತು ಎನ್ನುವ ಹಾಗೆ ಹೇಳಿದರು. ಅಂದಿನಿಂದ ಗಂಜಿಯನ್ನೂ ಬಿಟ್ಟಿದ್ದಾರೆ, ನೀರು ಮಾತ್ರ.

ಚಟ ಎಂದು ಮೂಕಮ್ಮಾಳ್ ಅವರಿಗೆ ಓದಿ ಹೇಳಿದೆ. ‘ಚಟ ಬಿಡ್ಸುದ್ರೆ ಹೆಣ ಆಗ್ತಾರೇನ್ಲೇ? ಓದಿರೋಳು ನೀನೇ ಹೇಳು’ ಎಂದರು. ಬರುವ ವಾರ ಕೋಡಾಂಗಿಯ ಹತ್ತಿರ ಎಂದು ನಿಶ್ಚಯ ಮಾಡಿದ್ದಾರೆ. ಇವರು ಬೇಡ ಎನ್ನಬಹುದಿತ್ತು. ಇವರು ಈಚೆಗೆ ಮನೆಯಲ್ಲೇ ಇರುವುದಿಲ್ಲ. ಸ್ಟೋರಿನಲ್ಲಿ ಕೆಲಸ ಎನ್ನುತ್ತಾರೆ, ಅಲ್ಲೇ ಮಲಗುತ್ತಾರೆ.

ಎಲ್ಲೋ ಏನೋ ತಪ್ಪಿದೆ ಅಕ್ಕಾ. ದಯವಿಟ್ಟು ಮತ್ತೆ ನೋಡು.

ಪಾಂಡಿ


ದಿಂಡಿಗಲ್
10 ಆಗಸ್ಟ್ 2024

ಪಾಂಡಿ,

ಇದನ್ನು ಕೂತುಕೊಂಡು ಓದು.

ನಿನ್ನ ಕಾಗದ ಬಂದ ಮೇಲೆ ಪ್ರೋಗ್ರಾಂ ಮುಚ್ಚಿಟ್ಟು ಬರಿಗಣ್ಣಿನಿಂದ ನೋಡೋಣ ಎಂದು ಅತ್ತೆಯವರ ಗೆರೆಯನ್ನು ಉದ್ದಕ್ಕೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಹಾಸಿದೆ. ಅದೇ ಕೊನೆಯ ಗುಂಪಿನಲ್ಲಿದ್ದ ಆ ಹುಡುಗನ ಅದೇ ವಾರದ ಗೆರೆ ಆಗಲೇ ಅಲ್ಲಿತ್ತು. ಸುಮ್ಮನೆ ಹೋಲಿಸಲು ಒಂದರ ಕೆಳಗೆ ಇನ್ನೊಂದನ್ನು ಸರಿಸಿದೆ. ಎರಡೂ ಪಟ್ಟಿಗಳ ಗಡಿಯಾರ ಒಂದೇ.

ಅವನ ಎದೆ ಎಗರಿದ ಗಳಿಗೆಯಲ್ಲೇ ಅವರದೂ ಎಗರಿದೆ. ಒಂದು ಕಡೆಯಲ್ಲ, ಎಲ್ಲ ಕಡೆ. ಕೊಂಬೈಯಲ್ಲೊಂದು ಎದೆ, ದಿಂಡಿಗಲ್ಲಿನಲ್ಲೊಂದು ಎದೆ. ಒಂದು ಮನೆಯ ಬಾಗಿಲು ಬಡಿದರೆ ಒಳಗಿರುವ ಇಬ್ಬರೂ ಬೆಚ್ಚುತ್ತಾರಲ್ಲ, ಹಾಗೆ.

ಹುಡುಗನನ್ನು ಕರೆಸಿದೆ. ಹೆಸರು ಮಾದವನ್, ನಿನಗೆ ಹೇಳಬಹುದು ಎಂದು ಒಪ್ಪಿದ್ದಾನೆ. ಜೂನ್‌ನಲ್ಲಿ ಅವನು ನನಗೆ ಹೇಳಿದ್ದು, ನಾನು ನಿನಗೆ ಬರೆಯದೆ ಬಿಟ್ಟದ್ದು ಇಷ್ಟು: ‘ಸತ್ತುಹೋದ ನಮ್ಮ ಗೆಳೆಯ ಆಟಕ್ಕೆ ಬರುತ್ತಾನೆ ಅಕ್ಕಾ.’ ಯಾವ ಗೆಳೆಯ ಎಂದು ಅಂದು ನಾನು ಕೇಳಲಿಲ್ಲ. ಈಗ ಕೇಳಿದೆ. ಕೊಂಬೈ ವೇಲು ಎಂದ.

ಅವನ ಮಾತನ್ನು ಹಾಗೇ ಬರೆಯುತ್ತೇನೆ. ‘ಅವನ ಚಟ್ಟಕ್ಕೆ ಹೆಗಲು ಕೊಟ್ಟವನು ನಾನು. ಏಪ್ರಿಲ್‌ನಲ್ಲಿ ಒಂದು ಸಂಜೆ ನಾವು ಮೂವರೇ ಆಡುತ್ತಿದ್ದೆವು. ನಾಲ್ಕನೆಯ ಜಾಗಕ್ಕೆ ಬೆರಳು ತಾನಾಗಿಯೇ ಅವನ ಹೆಸರು ಒತ್ತಿತು. ಅವನು ಬಂದ. ಮಾತಾಡಲಿಲ್ಲ. ಗುಂಡು ಹೊಡೆಯಲಿಲ್ಲ. ನೀರಿನ ದಡದಲ್ಲಿ ನಿಂತ. ವೇಲು, ಓಡುಡಾ ಎಂದು ಕೂಗಿದರೆ ನಾಲ್ಕು ಹೆಜ್ಜೆ ಬರುತ್ತಾನೆ. ಕೂಗದಿದ್ದರೆ ಮತ್ತೆ ನಿಲ್ಲುತ್ತಾನೆ. ಗೆಲ್ಲಬೇಕೆಂದು ನಾವು ಆಡಿ ಎಷ್ಟೋ ಕಾಲವಾಯಿತು. ಅವನ ಸುತ್ತ ಕಾವಲು ನಿಲ್ಲುತ್ತೇವೆ. ಕರೆಯಲು ಭಯ ಅಕ್ಕಾ. ಕರೆಯದೆ ಇರಲು ಅದಕ್ಕಿಂತ ಭಯ.’

ಅರ್ಥವಾಯಿತೇ ಪಾಂಡಿ? ಅತ್ತೆಯವರ ಕೈಯಲ್ಲಿದ್ದದ್ದು ವೇಲುವಿನ ಫೋನೇ ಇರಬೇಕು. ಆ ಎಗರಾಟ ಗುಂಡಿನದಲ್ಲ, ಗೆಲುವಿನದಲ್ಲ. ಇವನು ‘ವೇಲು’ ಎಂದು ಕರೆಯುವ ಗಳಿಗೆ ಅದು, ಅವರು ಆ ಹೆಸರು ಕೇಳುವ ಗಳಿಗೆ. ಮಗನ ಹೆಸರನ್ನು ಗಾಳಿಗೂ ಕೊಡದ ಮನೆಯಲ್ಲಿ ಅವರಿಗೆ ಅದು ಕೇಳುತ್ತಿದ್ದದ್ದು ಅಲ್ಲಿ ಮಾತ್ರ. ಅವರು ಆಡುತ್ತಿದ್ದದ್ದು ಕೇಳಿಸಿಕೊಳ್ಳುವುದಕ್ಕೆ. ನನ್ನ ಯಂತ್ರ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಚಟ ಎಂದಿತು, ನಾನು ಹೌದೆಂದೆ. ಎದೆ ಏನನ್ನೋ ಹಿಡಿದುಕೊಂಡಿದೆ ಎಂದು ಯಂತ್ರ ಹೇಳಿದ್ದು ನಿಜ. ಏನನ್ನು ಎಂದು ನಾನು ಕೇಳಬೇಕಿತ್ತು.

ಮೊನ್ನೆ ವೇಲು ಮತ್ತೆ ಆಟಕ್ಕೆ ಬಂದ ಎಂದು ಮಾದವನ್ ಹೇಳಿದ. ಅಂದರೆ ನನ್ನ ಮಾತು ಮೀರಿ ನೀನೇ ಫೋನ್ ಹಿಂದಿರುಗಿಸಿದ್ದೀಯ. ಒಳ್ಳೆಯದು ಮಾಡಿದೆ. ಅತ್ತೆಯವರು ಗಂಜಿ ಕುಡಿದರೇ?

ಅರಸಿ


ಕೊಂಬೈ
13 ಆಗಸ್ಟ್ 2024

ಅಕ್ಕಾ,

ಅದು ವೇಲುವಿನದೇ ಫೋನ್. ಬೈಕಿನ ಜೊತೆ ಅದೂ ಒಡೆದುಹೋಯಿತು ಎಂದೇ ನಂಬಿ ಇವರು ಊರಿಗೆಲ್ಲ ಹೇಳಿದ್ದರು. ಅದು ಅತ್ತೆಯ ಕೈಗೆ ಸಿಕ್ಕಿದ್ದು ಇವರಿಗೂ ಜುಲೈ ತನಕ ಗೊತ್ತಿರಲಿಲ್ಲ. ಕಂಡ ದಿನ ಮುಖ ಬಿಳಿಚಿಕೊಂಡು, ಯಾರಿಗೂ ಹೇಳಬೇಡ, ನಿನ್ನ ಅಕ್ಕನಿಗೂ ಬರೆಯಬೇಡ ಎಂದು ಆಣೆ ಹಾಕಿಸಿದರು. ಗುಟ್ಟು ಚೆಂದ ಎಂದು ನಿನಗೆ ಬರೆದಿದ್ದೆ.

ಫೋನನ್ನು ನಾನು ಹಿಂದಿರುಗಿಸಿಲ್ಲ. ಅತ್ತೆ ಇಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ. ಫೋನ್ ಬೋಡಿಮೆಟ್ಟಿನಲ್ಲಿದೆ.

ಮೊನ್ನೆ ಬಂದದ್ದು ಯಾರು?

ನೀನು ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿದೆ, ಈ ಕೊನೆಯ ಮಾತನ್ನೂ. ಅವರು ಎದ್ದು ಸೀರೆ ಬದಲಾಯಿಸಿದರು. ‘ಪೆಟ್ಟಿಗೆ ಬೀಗದ್ ಕೈ ಯಾರತ್ರ ಅದೆ?’ ಎಂದು ಕೇಳಿದರು. ನನ್ನ ಬಳಿ ಇಲ್ಲ ಎಂದೆ. ‘ಗೊತ್ತು’ ಎಂದರು. ನಾಳೆ ಮಧ್ಯಾಹ್ನ ಇಬ್ಬರೂ ಮೇಲೆ ಹೋಗುತ್ತಿದ್ದೇವೆ.

ಪಾಂಡಿ


ಕೊಂಬೈ
17 ಆಗಸ್ಟ್ 2024

ಅಕ್ಕಾ,

ನಾವು ಮೇಲೆ ಹೋದ ದಿನ ಮಾದವನ್ ಎದೆಪಟ್ಟಿ ಕಟ್ಟಿಕೊಂಡಿದ್ದರೆ, ಅದರ ಗೆರೆಯನ್ನು ನನಗೆ ಕಳಿಸಬೇಡ.

ಬೋಡಿಯಿಂದ ಮೇಲಕ್ಕೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ತಿರುವುಗಳು ಶುರುವಾದಾಗ ತಾವಾಗಿಯೇ ಮಾತು ತೆಗೆದರು.

‘ಆಸ್ಪತ್ರೇಲಿ ಚೀಲದಾಗೆ ಅವ್ನ್ ಬಟ್ಟೆ ಕೊಟ್ರು ಮಗಾ. ಅದ್ರಾಗೆ ಈ ಪೋನ್ ಇತ್ತು. ಅದ್ರ ಮುಖದ್ ಮ್ಯಾಲೆ ಒಂದ್ ಗೀರು, ಅಷ್ಟೇಯ. ಕರಂಟ್ ಹಾಕಿ ಇಟ್ಟೆ. ಒಂದಿನ ತಾನಾಗೇ ಕೂಗ್ತು. ಯಾರೋ ಪೋನ್ ಮಾಡ್ತಾವ್ರೆ ಅಂತ ಪಚ್ಚೆ ಒತ್ತಿದೆ. ‘ಡೇ ವೇಲು’ ಅಂದ ಒಬ್ಬ.’

ಅವರ ಬಾಯಲ್ಲಿ ಆ ಹೆಸರು ಬಂದದ್ದನ್ನು ಅವರೂ ಗಮನಿಸಿದರು, ನಾನೂ ಗಮನಿಸಿದೆ.

‘ನಾ ಕರೆದ್ರೆ ಪಾಪ. ಅವ್ರು ಕರೆದ್ರೆ ನಂದೇನ್ ತಪ್ಪು? ನಾ ಕೇಳುಸ್ಕಂತೀನಿ ಅಷ್ಟೇಯ. ಅವ ತಿರುಗಿ ನೋಡ್ಲಿ ಅಂತ್ಲೇ ಕೇಳುಸ್ಕಂತಿದ್ದೆ.’

‘ನೋಡಿದನಾ ಅತ್ತೆ?’

‘ನಿಂತಿದ್ದ ಮಗಾ. ನೀರ್ ತಾವ. ನೀನೂ ನೋಡಿದ್ಯಲ್ಲ.’

ಅವನನ್ನು ಅಲ್ಲಿ ನಿಲ್ಲಿಸಿದ್ದು ಅವರದೇ ಬೆರಳು ಎಂದು ನಾನು ಹೇಳಲಿಲ್ಲ. ಆ ಕ್ಷಣ ನನಗೂ ಅದು ಅವರ ಬೆರಳು ಎನ್ನಿಸಲಿಲ್ಲ.

ನಾವು ತಲುಪಿದಾಗ ಸಂಜೆಯಾಗಿತ್ತು. ಸ್ಟೋರಿನಲ್ಲಿ ಆಳುಗಳಿರಲಿಲ್ಲ, ಒಣಗಿಸುವ ಒಲೆ ಆರಿತ್ತು. ಹಸಿ ಏಲಕ್ಕಿ ಚೀಲದಲ್ಲೇ ಕಪ್ಪಗೆ ತಿರುಗಿ ವಾಸನೆ ಹೊಡೆಯುತ್ತಿತ್ತು. ಮೂರು ದಿನದ ಗಡ್ಡದಲ್ಲಿ ಇವರು ಚೀಲಗಳ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು. ಕಿವಿಯಲ್ಲಿ ವೈರು. ನಾವು ಬಂದದ್ದು ತಿಳಿಯಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಅದೇ ನೀರಿನ ದಡ. ಎರಡೂ ಕೈಯಿಂದ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು, ಅತ್ತೆಯ ಹಾಗೆಯೇ. ತಲೆಯೂ ಅದೇ ವಾರೆ. ನನ್ನ ಗಂಡನ ಮುಖವನ್ನು ಈ ಮೂರು ತಿಂಗಳಲ್ಲಿ ಎಷ್ಟು ಸಲ ನೋಡಿದ್ದೇನೆ, ಎಷ್ಟು ಆಸೆಯಿಂದ ನೋಡಿದ್ದೇನೆ. ಈ ಮುಖ ನನಗೆ ಗೊತ್ತಿರಲಿಲ್ಲ.

ಅತ್ತೆ ಮುಂದೆ ಬಂದರು. ಮಗನ ಬೆನ್ನಿನ ಮೇಲೆ ಕೈಯಿಟ್ಟರು. ಇವರು ಎಷ್ಟು ಜೋರಾಗಿ ಬೆಚ್ಚಿದರೆಂದರೆ ವೈರು ಕಿತ್ತು ಬಂತು, ಕೋಣೆಯ ತುಂಬ ಹುಡುಗರ ದನಿ ತುಂಬಿತು. ‘ವೇಲು! ಡೇ ವೇಲು, ನಿಕ್ಕಾದೇಡಾ, ಓಡುಡಾ!’ ನಿಲ್ಲಬೇಡ, ಓಡು ಎಂದು. ಹೊಸ್ತಿಲಿನಿಂದ ಸುಡುಗಾಡಿನ ತನಕ ಯಾರೂ ಕೂಗದ ಆ ಹೆಸರು ತಗಡಿನ ಮಾಡಿಗೆ ಬಡಿದು ಕೆಳಗೆ ಬರುತ್ತಿತ್ತು.

‘ನೀನೂನಾ ಸಾಮಿ?’ ಎಂದರು ಅತ್ತೆ.

ಇವರು ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡು ಹೇಳಿದರು, ‘ಇಲ್ಲವ್ವಾ. ಬೀಗ ಹಾಕಿ ಇಡಕ್ಕೆ ಅಂತ್ಲೇ ತಂದೆ. ಆಮ್ಯಾಲೆ ಅದು ಕೂಗ್ತು.’

ಅತ್ತೆ ಆರಿದ ಒಲೆಯನ್ನು ನೋಡಿದರು. ಕೊಳೆತ ಚೀಲಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ತುಂಬ ಹೊತ್ತು. ‘ಇವ್ನೂ ನಿಂತ್ಬಿಟ್ಟ’ ಎಂದು ತಮಗೇ ಹೇಳಿಕೊಂಡರು. ಇವರ ಕೈಯಿಂದ ಫೋನನ್ನು ಬಿಡಿಸಿಕೊಂಡರು. ಒಂದೊಂದೇ ಬೆರಳು ಬಿಡಿಸಬೇಕಾಯಿತು.

‘ಎಲ್ಲೊತ್ತಿದ್ರೆ ನನ್ ಮಾತು ಅವ್ರಿಗೆ ಕೇಳ್ತದೆ ಮಗಾ?’

ನಾನು ಮೈಕಿನ ಚಿತ್ರ ತೋರಿಸಿದೆ. ಅವರು ಒತ್ತಿದರು. ಬಾಯಿಯ ಹತ್ತಿರ ಹಿಡಿದುಕೊಂಡು, ಹೊರಗಿನವರ ಜೊತೆ ಮಾತಾಡುವ ತಮಿಳಿನಲ್ಲಿ, ಮೆಲ್ಲಗೆ ಹೇಳಿದರು. ‘ತಂಬಿಗಳಾ, ನಾನು ವೇಲುವಿನ ಅಮ್ಮ. ವೇಲು ಸತ್ತುಹೋದ.’

ಆಚೆ ಕಡೆ ಕೂಗು ನಿಂತಿತು. ಯಾರದೋ ಉಸಿರು ಮಾತ್ರ. ಎಲ್ಲೋ ದೂರದಲ್ಲಿ ಬೇರೆ ಗುಂಪಿನವರು ಹೊಡೆಯುವ ಗುಂಡಿನ ಸದ್ದು. ಆಮೇಲೆ ಒಬ್ಬ ಹುಡುಗ, ಮಾದವನ್ ಇರಬೇಕು, ‘ತೆರಿಯುಮ್ಮಾ’ ಎಂದ. ಗೊತ್ತಮ್ಮಾ.

ಇವರು ಚೀಲದ ಮೇಲಿಂದ ಜಾರಿ ನೆಲಕ್ಕೆ ಬಂದರು. ಅತ್ತೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಯಾಕವ್ವಾ ಹೇಳ್ದೆ? ಯಾಕ್ ಹೇಳ್ದೆ? ಇನ್ ಅವ್ರು ಕರೆಯಲ್ಲ.’

ಅತ್ತೆ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಫೋನು ಅವರ ಅಂಗೈಯಲ್ಲಿ ಮೇಲ್ಮುಖವಾಗಿತ್ತು. ನೀರಿನ ದಡದಲ್ಲಿ ವೇಲು, ಅವನ ಸುತ್ತ ಮೂವರು. ಯಾರೂ ಆಟ ಬಿಟ್ಟು ಹೋಗಲಿಲ್ಲ. ಯಾರೂ ಅಲುಗಾಡಲಿಲ್ಲ. ಮೈಕು ತೆರೆದೇ ಇತ್ತು, ಇವರು ಅಳುವುದು ಆ ಹುಡುಗರಿಗೆಲ್ಲ ಕೇಳುತ್ತಿತ್ತು.

ನಾನು ಕಾಯುತ್ತಾ ನಿಂತಿದ್ದೆ ಅಕ್ಕಾ. ಒಂದೇ ಒಂದು ಸಲ ಎಂದು ನಾನೂ ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ.

ಪಾಂಡೀಶ್ವರಿ